ಸೆಕೆಂಡಿನ ಎರಡು ಪಾಲು

ವಹಿಯೊಳಗ ಆ ಹಾಳಿ ಇನ್ನೂ ಅದ.
ಕೆಂಪು ರಟ್ಟಿನ ವಹಿ, ಖಡೇಬಜಾರದ್ದು,
ಮೊದಲ ಪುಟಗಳ ತುಂಬ ರಿಪೇರಿಯ ಬಾಕಿ:
ಕಮಾನು ಬದಲಿ, ಎರಡು ರೂಪಾಯಿ,
ಗಾಜು, ಹನ್ನೆರಡಾಣೆ.
ಆಮ್ಯಾಲ ಒಮ್ಮೆಲೇ
ಅರವತ್ನಾಕನೇ ಇಸವಿ, ಜನವರಿ, ರವಿವಾರ, ಸಾಂಬ್ರಾ,
ನನ್ನ ಹನ್ನೊಂದು ವರ್ಷದ ದುಂಡು ಅಕ್ಷರ.

ಅಪ್ಪಗ ಸೈಕಲ್ಲೂ ಬರತಿರಲಿಲ್ಲ.
ಆದರೂ ಮೋಟಾರು ಕ್ಲಬ್ಬಿನವರು
ಹುಡುಕಿಕೊಂಡು ಬಂದದ್ದು ನೇಮಣ್ಣ ಚೌಗಲಾನ ಅಂಗಡಿಗೇ.
ಊರೊಳಗ ಸೆಕೆಂಡಿನ ಐದನೇ ಪಾಲನ್ನು
ಎಣ್ಣಿ ಹಾಕಿ ಜೋಪಾನ ಮಾಡಿದವ ಅವನೊಬ್ಬನೇ.
ಸ್ವಿಸ್ ಸ್ಟಾಪ್‌ವಾಚು; ಯಾವನೋ ಗೋರಾ ಮೇಜರ
ನಲವತ್ತೇಳರಾಗ ರಿಪೇರಿಗೆ ಕೊಟ್ಟು
ಒಯ್ಯಲಿಕ್ಕೆ ಬರದೇ ಹೋದದ್ದು.
"ಬಂದ್ರ ಕೊಡೂಣು" ಅಂತಿದ್ದ ಅಪ್ಪ.
ಹದಿನೇಳು ವರ್ಷ ಅಂತಿದ್ದ.

ಯುದ್ಧದ ಕಾಲದ ರನ್‌ವೇ, ಬಿರುಕಿನೊಳಗ ಹುಲ್ಲು.
ತಿರುವಿಗೆ ಸುಣ್ಣ ಬಳಿದ ಡಾಂಬರ ಪೀಪಾಯಿ,
ಅದರ ಹಿಂದ ಬತ್ತದ ಹುಲ್ಲಿನ ಪೆಂಡಿ.
ಊಟದ ಹೊತ್ತಿಗೆ ಊರ ಎಮ್ಮಿಗಳು
ಮೂರನೇ ತಿರುವನ್ನ ಅರ್ಧ ಮೇಯ್ದಿದ್ದವು.

ಕ್ಯಾಂಪಿನ ಕ್ಯಾಪ್ಟನ್ ಮಿನೇಜಿಸನ ಕೆಂಪು ಎಂಜಿ,
ಬಾನೆಟ್ಟಿಗೆ ತೊಗಲಿನ ಪಟ್ಟಿ, ಕುದುರಿಗೆ ಬಿಗಿದ್ಹಾಂಗ.
ಡಾಕ್ಟರ್ ಕುಲಗೋಡರ ಹೆರಾಲ್ಡು,
ಹಿಂದಿನ ಸೀಟಿನ ಮ್ಯಾಲ ಇನ್ನೂ ಇಂಜೆಕ್ಷನ್ನಿನ ಡಬ್ಬಿ.
ಮತ್ತ ಫೌಂಡ್ರಿಯ ಮೋನಪ್ಪ ಕಮ್ಮಾರ:
ಲಾರಿಗೆ ಸಿಕ್ಕು ಸತ್ತ ಫಿಯಾಟನ್ನ ಗುಜರಿಯಿಂದ ಎಳತಂದು,
ಟಾಪು ಕೊಯ್ದು, ಬಾಗಿಲಾ ಬಿಚ್ಚಿ,
ಹೆಂಡತಿಯ ಮೂರು ಜರ್ಮನ್ ಪಾತೇಲಿ ಕರಗಿಸಿ
ಮೂಗು ಎರಕ ಹೊಯ್ದಿದ್ದ.
ಆ ಕಾರಿಗೆ ಮೈ ಇರಲಿಲ್ಲ, ಬರೇ ಸಿಟ್ಟು ಇತ್ತು.
ಇಂಜಿನ್ನಿಗೆ ಔಡಲೆಣ್ಣಿ ಹಾಕಿದ್ದರು.
ರನ್‌ವೇ ತುಂಬ ಬಾಣಂತಿ ಕೋಣಿಯ ವಾಸನಿ.

ಒಬ್ಬೊಬ್ಬರೇ ಓಡಬೇಕು, ಗಡಿಯಾರದ ಎದುರಿಗೆ.
ಕ್ಯಾಪ್ಟನ್ ಬಂದ, ಹೋದ, ಧೂಳಿನ ಹಿಂದ ನಕ್ಕ.
ಅಪ್ಪ ಹೇಳಿದ, ನಾನು ಬರದೆ:
ಒಂದು ನಿಮಿಷ ನಲವತ್ತೆಂಟು, ಮ್ಯಾಲ ಎರಡು ಪಾಲು.

ಮೋನಪ್ಪನ ಕ್ಲಚ್ಚು ಸಂಜೀತನಕ ಹಟ ಹಿಡೀತು.
ಅಪ್ಪನ ಡಬ್ಬಿ ನನ್ನ ತೊಡಿ ಮ್ಯಾಲ, ಬಿಚ್ಚದೇ;
ಹೊತ್ತು ಮುಣುಗಿದ ಮ್ಯಾಲ ಅವ ಉಣ್ಣತಿರಲಿಲ್ಲ.
"ಒಂದ ಸುತ್ತು, ಆಮ್ಯಾಲ ಉಣ್ಣೂಣು."
ಗುಂಡಿ ಒತ್ತಿದ.
ಬಿಟ್ಟಿತು ಕಾರು, ಕೂಗುತ್ತ ಬಾಗುತ್ತ
ಎಮ್ಮಿ ಮೇಯ್ದ ತಿರುವಿನೊಳಗ ಒಂದು ಗಾಲಿ ಗಾಳಿಗೆತ್ತಿ.

ಮುಳ್ಳು ಮೂವತ್ತೊಂದಕ್ಕೆ ನಿಂತಿತ್ತು.

ನಾನು ನೋಡಿದೆ. ಅವ ನೋಡಿದ.
ಮತ್ತ್ಯಾರೂ ಇಲ್ಲ.
ಮುಖ ಹಾಂಗ ಇತ್ತು, ತುಟಿ ಮಾತ್ರ ಅಲುಗಲಿಕ್ಕೆ ಹತ್ತಿದವು:
ನಮೋಕಾರ.
ದಿನಾ ಮುಂಜಾನೆ ನೂರಾ ಎಂಟು ಸಲ,
ಮೂವತ್ತು ವರ್ಷ, ಗೋಡೆ ತುಂಬ ಟಿಕ್ ಟಿಕ್ಕಿನ ನಡುವ.
ಒಂದು ಮಂತ್ರಕ್ಕ ಎಷ್ಟು ಸೆಕೆಂಡು ಅನ್ನೂದು
ಅವನ ನಾಲಿಗಿಗೆ ಗೊತ್ತಿತ್ತೇನೋ. ಇಲ್ಲೇನೋ.

"ಒಂದು ನಲವತ್ತೆಂಟು" ಅಂದ.
ನಾನು ಪೆನ್ಸಿಲ್ಲು ಎತ್ತದೇ ಕಾದೆ.
"ಮ್ಯಾಲ ಏನೂ ಇಲ್ಲ. ಬರಿ."

ಕಪ್ಪು ಮೋನಪ್ಪನ ಮನಿಗೆ ಹೋತು.
ಅವನ ಹೆಂಡತಿ ಬಹಳ ದಿನ ಅದರೊಳಗ ಅಕ್ಕಿ ಅಳೀತಿದ್ದಳು;
"ಮೂರು ಪಾತೇಲಿಗೆ ಇದೊಂದು" ಅಂತಿದ್ದಳು.

ಅಪ್ಪ ಆ ರಾತ್ರಿ ಉಣ್ಣಲಿಲ್ಲ, ಸೂರ್ಯ ಇರಲಿಲ್ಲ.
ಮರುದಿನವೂ ಉಣ್ಣಲಿಲ್ಲ, ಸೂರ್ಯ ಇದ್ದ.
ವಾಚಿನ ಬೆನ್ನು ಬಿಚ್ಚಿ, ಕಣ್ಣಿಗೆ ಗಾಜು ಸಿಗಿಸಿ,
ಚಿಮಟದ ತುದಿಗೆ ಹಿಡಿದು ತೋರಿಸಿದ:
ಬತ್ತದ ಒಂದು ಹೊಟ್ಟು.
ನಾನು ಕೇಳಬೇಕು ಅಂದದ್ದನ್ನ ಕೇಳಲಿಲ್ಲ.

ಮುಂದಿನ ವರ್ಷ ರೇಸು ಆಗಲಿಲ್ಲ.
ಕ್ಯಾಂಪಿನ ಪಲ್ಟನ್ನು ರಾತ್ರೋರಾತ್ರಿ ರೈಲು ಹತ್ತಿತು,
ಎಂಜಿಯ ಮ್ಯಾಲ ತಾಡಪತ್ರಿ ಹೊಚ್ಚಿ.

ಅಪ್ಪ ಹೋಗಿ ಈಗ ಇಪ್ಪತ್ತಾರು ವರ್ಷ.
ಆ ಹಾಳಿ ತಿರುವಿದರ ಹಿಂದ, ಅವನ ಅಕ್ಷರ,
ತೀರಿದ ಬಾಕಿಗೆಲ್ಲಾ ಕೆಂಪು ಗೀಟು.
ಒಂದು ಸಾಲಿಗೆ ಮಾತ್ರ ಇಲ್ಲ:

ಗಿರಾಕಿ, ಕ್ಯಾಪ್ಟನ್ ಮಿನೇಜಿಸ.
ಕೆಲಸ, ಖಾಲಿ.
ಕೊಡೂದು, ಸೆಕೆಂಡಿನ ಎರಡು ಪಾಲು.

ಅವನೂ ಒಯ್ಯಲಿಕ್ಕೆ ಬರಲಿಲ್ಲ.
ವಾಚು ನನ್ನ ಹಂತ್ಯಾಕ ಅದ,
ವರ್ಷಕ್ಕೊಮ್ಮೆ ಎಣ್ಣಿ ಹಾಕತೇನಿ.